ಮುನ್ನೂರ ಹನ್ನೆರಡು ಗಾಜು

ಭಾದ್ರಪದದ ಮೊದಲ ಸೋಮವಾರ ಸೂಗಪ್ಪ ಊರೂರು ತಿರುಗಿ ತೆಗೆದ ರಕ್ತವನ್ನು ಕಚೇರಿಗೆ ಕೊಡದೆ ಮನೆಗೆ ತಂದ. ಪಡಸಾಲೆಯ ಗೋಡೆಯ ಗೂಡಿನಲ್ಲಿ ದೀಪ ಇಡುವಷ್ಟು ಜಾಗ ಬಿಟ್ಟು ಗಾಜಿನ ಪಟ್ಟಿಗಳ ಕಟ್ಟುಗಳನ್ನು ಒಂದರ ಮೇಲೊಂದು ಒಟ್ಟಿದ. ಪಟ್ಟಿ ಬೆರಳುದ್ದ, ಅದರ ಮೇಲೆ ಒಣಗಿದ ರಕ್ತದ ಒಂದು ದುಂಡು ಚುಕ್ಕೆ, ಪಕ್ಕದಲ್ಲಿ ತೆಳುವಾಗಿ ಎಳೆದ ಇನ್ನೊಂದು ಗುರುತು. ಹತ್ತು ಪಟ್ಟಿಗೊಂದು ಕಟ್ಟು, ಕಟ್ಟಿಗೆ ಸುತ್ತಿದ ಕಾಗದದಲ್ಲಿ ರಕ್ತ ಕೊಟ್ಟವರ ಹೆಸರು.

ಅವನ ತಾಯಿ ಸಾಬಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಮಗ ಒಂಬತ್ತು ವರ್ಷದಿಂದ ಮಲೇರಿಯಾ ಇಲಾಖೆಯಲ್ಲಿದ್ದ. ಕುಂಚಾವರಂ ಕಾಡಿನ ಹಟ್ಟಿಗಳಲ್ಲಿ ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚುತ್ತಾನೆ, ನಾಲ್ಕು ಬಿಳಿ ಗುಳಿಗೆ ಕೊಡುತ್ತಾನೆ, ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಆ ರಕ್ತ ಎಂದೂ ತನ್ನ ಹೊಸ್ತಿಲು ದಾಟಿರಲಿಲ್ಲ.

"ಇದೇನೋ ತಮ್ಮಾ, ಊರ ಮಂದಿ ನೆತ್ತರ ತಂದು ನನ್ನ ಮನ್ಯಾಗ ಇಡಾಕತ್ತಿ" ಎಂದಳು.

"ಸಾಹೇಬ್ರು ನಮ್ಮ ಜೋಡಿ ಕುಂತು ಮಾತಾಡೋತನಕ ಇಲ್ಲೇ ಇರ್ತಾವವ್ವ. ಯಾರೂ ಮುಟ್ಟಬ್ಯಾಡ್ರಿ."

ಅದು ೧೯೭೩. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರು. ನವೆಂಬರಿಗೆ ಕರ್ನಾಟಕವಾಗುತ್ತದೆಂದು ಹೋಟೆಲಿನ ರೇಡಿಯೋ ದಿನಾ ಹೇಳುತ್ತಿತ್ತು. ಹೆಸರು ಬದಲಾಗುವ ಸಡಗರ ದೊಡ್ಡವರಿಗೆ ಇದ್ದಿರಬೇಕು, ಚಿಂಚೋಳಿ ತಾಲೂಕಿನ ಹನ್ನೊಂದು ಮಂದಿ ಮಲೇರಿಯಾ ಕೆಲಸಗಾರರಿಗೆ ಮಾತ್ರ ಬೇರೆ ಚಿಂತೆಯಾಗಿತ್ತು. ಆರು ವರ್ಷದ ಹಿಂದೆ ಅವರ ಸಂಘ ಹಟ ಹಿಡಿದು ಒಂದು ಪದ್ಧತಿ ಗಳಿಸಿಕೊಂಡಿತ್ತು. ತಿಂಗಳ ಮೊದಲ ಸೋಮವಾರ ಜಿಲ್ಲೆಯ ಮಲೇರಿಯಾ ಸಾಹೇಬರು ಊರಿನ ಸರ್ಕಾರಿ ಬಂಗಲೆಗೆ ಬಂದಾಗ ಸಂಘದ ಮೂವರನ್ನು ಮೇಜಿನ ಎದುರು ಕುರ್ಚಿ ಕೊಟ್ಟು ಕೂರಿಸಿಕೊಂಡು ಮಾತಾಡಬೇಕು. ಕಾಡಿಗೆ ಹೋಗುವವರ ಬೂಟು, ಮಳೆಗಾಲದ ಅಂಗಿ, ಹೆರಿಗೆಗೆ ಹೋದ ಹೆಂಡತಿಯನ್ನು ನೋಡಿಬರಲು ಎರಡು ದಿನದ ರಜೆ, ಎಲ್ಲವೂ ಆ ಮೇಜಿನ ಮೇಲೆ ಆದ ಮಾತುಗಳು. ದೊಡ್ಡ ಸಾಮ್ರಾಜ್ಯವೇನಲ್ಲ, ಮೂರು ಕುರ್ಚಿ.

ಆಷಾಢದಲ್ಲಿ ಬಂದ ಹೊಸ ಸಾಹೇಬರು ಆ ಕುರ್ಚಿಗಳನ್ನು ತೆಗೆಸಿದರು. ಮೈಸೂರು ಕಡೆಯ ಚಿಕ್ಕ ವಯಸ್ಸಿನವರು, ಕೆಟ್ಟವರೇನಲ್ಲ; ಮೇಲಿನಿಂದ ಬಂದ ಆದೇಶ ಓದಿ ಹೇಳಿದರು. ಸಂಘದೊಂದಿಗೆ ಇನ್ನು ಮಾತಿಲ್ಲ, ಕಷ್ಟವಿದ್ದವರು ಒಬ್ಬೊಬ್ಬರೇ ಅರ್ಜಿ ಹಿಡಿದು ಬರಲಿ. ಸಂಘದ ಕಾರ್ಯದರ್ಶಿ ಗುಲಾಮ ದಸ್ತಗೀರ, ನಲವತ್ತು ದಾಟಿದ ಮೆಲುಮಾತಿನ ಮನುಷ್ಯ, ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ ಒಂದು ತೀರ್ಮಾನ ಮಾಡಿಸಿದ. ಕೆಲಸ ನಿಲ್ಲಿಸುವುದು ಬೇಡ, ಜ್ವರದ ಕಾಲ ಇದು. ರಕ್ತ ತೆಗೆಯೋಣ, ಗುಳಿಗೆ ಕೊಡೋಣ. ಗಾಜು ಮತ್ತು ವರದಿ ಮಾತ್ರ ಮನೆಯಲ್ಲೇ ಇರಲಿ. ಸೇಡಂ, ಚಿತ್ತಾಪುರದ ಕಡೆಯವರೂ ಹಾಗೇ ಮಾಡಿದರು. ಒಂದು ತಿಂಗಳು ದಾಟಿದರೆ ಗಾಜಿನ ಮೇಲಿನ ರಕ್ತದಲ್ಲಿ ರೋಗ ಗುರುತಿಸುವುದು ಕಷ್ಟವೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ತಿಂಗಳೊಳಗೆ ಸಾಹೇಬರು ಕರೆಯುತ್ತಾರೆಂದು ಇವರು ನಂಬಿದ್ದರು, ತಿಂಗಳೊಳಗೆ ಇವರು ಬರುತ್ತಾರೆಂದು ಸಾಹೇಬರು.

ಮನೆಯಲ್ಲಿ ಈ ತೀರ್ಮಾನವನ್ನು ಒಪ್ಪದವನು ಸೂಗಪ್ಪನ ಅಪ್ಪ ಲಾಲಪ್ಪ. ನಿಜಾಮರ ಕಾಲದಿಂದ ಮೂವತ್ತು ವರ್ಷ ಕಚೇರಿಗಳಲ್ಲಿ ಚಪರಾಸಿಯಾಗಿದ್ದು ನಿವೃತ್ತನಾದವನು. ಸಾಹೇಬರ ಬಾಗಿಲ ಹೊರಗೆ ನಿಂತ ಅಭಿಮಾನ ಅವನಿಗಿದ್ದಷ್ಟು ಒಳಗೆ ಕೂತವರಿಗೂ ಇದ್ದಿರಲಿಕ್ಕಿಲ್ಲ. ಉಣ್ಣಲು ಕೂತಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದ.

"ಸೂಗ್ಯಾ, ಒಬ್ಬನೇ ಹೋಗಿ ಕೈ ಮುಗದು ನಿಂತ್ರ ಸಾಹೇಬನ ಮನಸ ಕರಗ್ತದ. ಹನ್ನೊಂದು ಮಂದಿ ಹೋದ್ರ ಅದು ಜಗಳ ಆಗ್ತದ."

"ಮೊದಲಿನ ಮೂರು ವರ್ಷ ಕೈ ಮುಗದೀನಪ್ಪ. ಬೂಟು ಸಿಕ್ಕಿದ್ದು ಕುರ್ಚಿ ಮ್ಯಾಲ ಕುಂತಾಗ."

"ಕುರ್ಚಿ ಅಂತ. ನಾ ಮೂವತ್ತು ವರ್ಷ ನಿಂತೇ ನೌಕರಿ ಮಾಡೀನಿ. ನಿನ್ನ ಸಾಲಿಗಿ ಹಾಕಲಿಲ್ಲೇನು, ಮದಿವಿ ಮಾಡಲಿಲ್ಲೇನು?"

ಸೂಗಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಹೊರಳಿಸುತ್ತಿದ್ದ. ಸಾಬಮ್ಮ ಗಂಡನ ಕಡೆ. ಆದರೆ ಮಗನ ಮುಖ ಬಾಡಿದರೆ ಅವಳ ವಾದವೂ ಬಾಡುತ್ತಿತ್ತು, ಇನ್ನೊಂದು ರೊಟ್ಟಿ ತಂದು ಅವನ ಗಂಗಾಳಕ್ಕೆ ಹಾಕಿ ಹೋಗುತ್ತಿದ್ದಳು.

ಸೂಗಪ್ಪನ ಹೆಂಡತಿ ಅನಸುಬಾಯಿ ಯಾರ ಕಡೆಗೂ ಇರಲಿಲ್ಲ. ಅವಳು ಗಾಜಿನ ಕಡೆಗಿದ್ದಳು. ಶಹಾಬಾದ ಹತ್ತಿರದ ಭಂಕೂರದವಳು, ಕಲ್ಲು ಒಡೆಯುವವನ ಮಗಳು, ಏಳನೆಯ ಇಯತ್ತೆ ಓದಿದ್ದಳು. ಗಂಡನ ಅಕ್ಷರ ಕೋಳಿ ಕೆದರಿದ ಹಾಗಿದ್ದುದರಿಂದ ರಕ್ತ ಕೊಟ್ಟವರ ಹೆಸರನ್ನು ಕಾಗದಕ್ಕೆ ಇಳಿಸುವ ಕೆಲಸ ಮದುವೆಯಾದಾಗಿನಿಂದ ಅವಳದೇ. ಅವನು ಬೂಟು ಕಳಚುತ್ತ ಹಟ್ಟಿಯ ಹೆಸರು, ಮನೆಯ ಗುರುತು, ಮನುಷ್ಯರ ಹೆಸರು ಹೇಳುತ್ತಾನೆ, ಅವಳು ಒಲೆಯ ಬೆಳಕಿಗೆ ಬಾಗಿ ಬರೆಯುತ್ತಾಳೆ. ಮೂರು ವರ್ಷದಲ್ಲಿ ಒಮ್ಮೆಯೂ ಕುಂಚಾವರಂ ನೋಡದೆ ಅಲ್ಲಿಯ ಪ್ರತಿ ಮನೆಯನ್ನೂ ಅವಳು ಬಲ್ಲವಳಾಗಿದ್ದಳು. ಯಾರ ಅಂಗಳದಲ್ಲಿ ಇಪ್ಪೆಯ ಮರವಿದೆ, ಯಾರಿಗೆ ಅವಳಿ ಮಕ್ಕಳು, ಜೇನು ಬಿಡಿಸುವವನು ಯಾವ ಗುಡಿಸಲಿನವನು, ಕಟ್ಟಿಗೆ ಮಾರುವ ಮುದುಕಿ ಪೀರಮ್ಮ ಬೆರಳು ಚುಚ್ಚಿಸಿಕೊಳ್ಳುವಾಗ ತೆಲುಗಿನಲ್ಲಿ ಏನೆಂದು ಬೈಯುತ್ತಾಳೆ, ಎಲ್ಲ ಗೊತ್ತು.

ವರದಿ ಇಲ್ಲದವರಿಗೆ ಆ ತಿಂಗಳ ಪಗಾರ ಆಗಲಿಲ್ಲ. ರೊಟ್ಟಿಯ ಜಾಗಕ್ಕೆ ನುಚ್ಚು ಬಂತು, ಎಣ್ಣೆಯ ಬಾಟಲಿ ತಲೆಕೆಳಗಾಗಿ ನಿಂತಿತು. ಸಾಬಮ್ಮ ಐವತ್ತೈದರ ವಯಸ್ಸಿನಲ್ಲಿ ಸೆರಗು ಬಿಗಿದು ಉದ್ದು ಕೀಳುವ ಕೂಲಿಗೆ ಹೋದಳು. ಅಪ್ಪ ಮಗನಿಗೆ ಈ ವಿಷಯಕ್ಕೆ ಒಂದು ಸಂಜೆ ಜೋರು ಜಗಳವಾಯಿತು. ತಾಯಿಯನ್ನು ಹೊಲಕ್ಕೆ ಕಳಿಸಿ ಕುರ್ಚಿ ಬೇಡುವ ಮಗ ಎಂದು ಲಾಲಪ್ಪ ಅಂದ. ಸೂಗಪ್ಪ ಬಟ್ಟಲು ಅಲ್ಲೇ ಬಿಟ್ಟು ಎದ್ದು ಹೋದ. ಆ ಮಾತು ತಾಗಬೇಕಾದ ಜಾಗಕ್ಕೇ ತಾಗಿತ್ತು.

ಮೂರನೆಯ ವಾರ ಅನಸುಬಾಯಿಗೆ ಥಂಡಿ ಜ್ವರ ಬಂತು. ಸೂಗಪ್ಪ ಅವಳ ಬೆರಳನ್ನೂ ಚುಚ್ಚಿ, ಗುಳಿಗೆ ಕೊಟ್ಟು, ಗಾಜನ್ನು ಉಳಿದವುಗಳ ಜೊತೆ ಗೂಡಿನಲ್ಲಿಟ್ಟ. ಆ ಒಂದು ಗಾಜನ್ನಾದರೂ ದವಾಖಾನೆಗೆ ಕೊಟ್ಟು ಬಾ ಎಂದು ಸಾಬಮ್ಮ ಬೇಡಿಕೊಂಡಳು. ಅವನು ಬಾಗಿಲವರೆಗೆ ಹೋಗಿ ತಿರುಗಿ ಬಂದ. ತನ್ನ ಮನೆಯ ಗಾಜನ್ನು ತಾನು ಕೊಟ್ಟರೆ ಇನ್ನೊಬ್ಬ ತನ್ನ ಮನೆಯದನ್ನು ಕೊಡುತ್ತಾನೆ, ಕೊನೆಗೆ ಕಾಡಿನವರ ಗಾಜು ಮಾತ್ರ ಉಳಿಯುತ್ತದೆ ಎಂದ. ಸಾಬಮ್ಮನಿಗೆ ಆ ಲೆಕ್ಕ ತಿಳಿಯಲಿಲ್ಲ. ಸೊಸೆ ನಡುಗುತ್ತಿದ್ದಳು, ಅವಳಿಗೆ ತಿಳಿದದ್ದು ಅಷ್ಟು.

ಜ್ವರದಲ್ಲಿ ಅನಸುಬಾಯಿ ಪಡಸಾಲೆಯ ತಣ್ಣನೆಯ ಫರ್ಸಿಕಲ್ಲಿನ ನೆಲದ ಮೇಲೆ ಕೌದಿ ಹಾಸಿ ಮಲಗುತ್ತಿದ್ದಳು. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲು ಇಳಿದು ಗೂಡಿನ ಮೇಲೆ ಬಿದ್ದರೆ ಗಾಜಿನ ಅಂಚುಗಳಿಂದ ಎದುರು ಗೋಡೆಗೆ ಕೆಂಪು ನೆರಳು ಬೀಳುತ್ತಿತ್ತು. ಆ ನೆರಳು ಮೆಲ್ಲಗೆ ಅಲುಗಿ ಮನುಷ್ಯರಾಗುತ್ತಿತ್ತು. ಅವಳಿ ಮಕ್ಕಳು ಬಂದು ಒಲೆಯ ಹತ್ತಿರ ಕೂತರು. ಜೇನಿನವನು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ನೀರು ಕೇಳಿದ. ಪೀರಮ್ಮ ಕಟ್ಟಿಗೆಯ ಹೊರೆ ಇಳಿಸಿ, ನಿನ್ನ ಮನೆಯಲ್ಲಿ ಎಷ್ಟು ದಿನ ಇರಬೇಕು ತಾಯಿ, ನನ್ನ ಗುಡಿಸಲ ಬಾಗಿಲು ತೆರೆದೇ ಇದೆ ಎಂದಳು. ಇನ್ನೊಂದು ಸೋಮವಾರ ಅಷ್ಟೆ ಎಂದು ಅನಸುಬಾಯಿ ಸಮಾಧಾನ ಹೇಳಿದಳು. ಎಚ್ಚರವಾದಾಗ ಅತ್ತೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು. "ಯಾರ ಜೋಡಿ ಮಾತಾಡಾಕತ್ತಿದ್ದಿ?" ಎಂದು ಕೇಳಿದಳು. ಮನೆಗೆ ಬಂದವರ ಜೊತೆ ಎಂದು ಸೊಸೆ ಹೇಳಿದಳು. ಸಾಬಮ್ಮ ಗೂಡಿನ ಕಡೆ ನೋಡುವ ನೋಟ ಅಂದಿನಿಂದ ಬೇರೆಯಾಯಿತು.

ನಮ್ಮ ಸೀಮೆಯಲ್ಲಿ ಮಾನವಮಿಗೆ, ಅಂದರೆ ದಸರೆಗೆ, ಘಟ ಕೂರಿಸುವ ಮುಂಚೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಇರಬಾರದು. ಕೌದಿ, ಗೋಣಿ, ಕೊಡ, ಬುಟ್ಟಿ, ತೊಟ್ಟಿಲು, ಒನಕೆ, ಎಲ್ಲವೂ ಹೊಳೆಗೆ ಹೋಗುತ್ತವೆ. ಅಮಾವಾಸ್ಯೆಯ ಹಿಂದಿನ ದಿನ ಮುಲ್ಲಾಮಾರಿ ಹೊಳೆಯ ದಂಡೆ ನೋಡಿದರೆ ಊರಿಗೆ ಊರೇ ಮನೆ ಖಾಲಿ ಮಾಡಿ ಬಂದ ಹಾಗಿರುತ್ತದೆ. ಆ ದಿನ ಸೂಗಪ್ಪ ಕಾಡಿಗೆ ಹೋಗಿದ್ದ. ಲಾಲಪ್ಪ ಕ್ಷೌರಕ್ಕೆ ಹೋಗಿದ್ದ. ಜ್ವರ ಬಿಟ್ಟ ಅನಸುಬಾಯಿ ಬೆವೆತು ಗಾಢ ನಿದ್ದೆಯಲ್ಲಿದ್ದಳು. ಸಾಬಮ್ಮ ನೆರೆಯವರ ಬಂಡಿಗೆ ಮನೆಯ ಸಾಮಾನೆಲ್ಲ ಏರಿಸಿ, ಕೊನೆಗೆ ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

ಅವಳು ತಿಳಿಗೇಡಿಯಲ್ಲ. ಮುಟ್ಟಬೇಡ ಎಂದು ಮಗ ಹೇಳಿದ್ದು ನೆನಪಿತ್ತು. ಆದರೆ ಅವಳ ಯೋಚನೆ ಬೇರೆ ದಾರಿ ಹಿಡಿದಿತ್ತು. ಹೆಸರು ಬರೆದಾಗಿದೆ, ಗುಳಿಗೆ ಕೊಟ್ಟಾಗಿದೆ, ರಕ್ತದ ಕೆಲಸ ಮುಗಿದಿದೆ. ಉಳಿದದ್ದು ಸರ್ಕಾರದ ಗಾಜು. ಕಚೇರಿಯವರು ಅದನ್ನು ತಿಂಗಳಿನಿಂದ ತೆಗೆದುಕೊಳ್ಳುತ್ತಿಲ್ಲವೆಂದರೆ ಹೊಲಸಾಗಿರುವುದರಿಂದಲೇ ಇರಬೇಕು. ಎರವಲು ತಂದ ಪಾತ್ರೆಯನ್ನು ಯಾರಾದರೂ ತೊಳೆಯದೆ ತಿರುಗಿಸುತ್ತಾರೆಯೇ. ಶುದ್ಧ ಮಾಡಿ ಕೊಟ್ಟರೆ ಸಾಹೇಬರ ಸಿಟ್ಟು ಇಳಿಯುತ್ತದೆ, ಮಗನ ಪಗಾರ ಬರುತ್ತದೆ, ಸೊಸೆಯ ಕಣ್ಣಿಗೆ ಕಾಣುವವರು ತಮ್ಮ ಮನೆಗೆ ಹೋಗುತ್ತಾರೆ. ಮೂವತ್ತೊಂದು ಕಟ್ಟು, ಬಿಡಿ ಎರಡು. ಕಾಗದಗಳನ್ನು ಬಿಚ್ಚಿ ನೀರೊಲೆಗೆ ಹಾಕಿದಳು.

ಹೊಳೆಯಲ್ಲಿ ಅವಳು ಸೀಗೆಪುಡಿ ಮತ್ತು ಬೂದಿ ಹಚ್ಚಿ ಒಂದೊಂದನ್ನೇ ಹೆಬ್ಬೆರಳಿನಿಂದ ಉಜ್ಜಿದಳು. ಒಣಗಿದ ಚುಕ್ಕೆ ಮೊದಲು ಕಂದಾಗಿ, ಆಮೇಲೆ ಕೆಂಪಾಗಿ, ಒಂದು ಎಳೆಯಾಗಿ ನೀರಿನಲ್ಲಿ ಬಿಚ್ಚಿಕೊಂಡು ಹೋಗುತ್ತಿತ್ತು. ತೊಳೆದ ಗಾಜು ನೀರೊಳಗೆ ಹಿಡಿದರೆ ಕಾಣದಷ್ಟು ತಿಳಿಯಾಯಿತು. ಕೈಯಲ್ಲಿ ನೀರನ್ನೇ ಹಿಡಿದ ಹಾಗೆ. ಮುನ್ನೂರ ಹನ್ನೆರಡನ್ನೂ ಕಲ್ಲಿನ ಮೇಲೆ ಸಾಲಾಗಿ ಒಣಹಾಕಿದಾಗ ಬಿಸಿಲು ಅವುಗಳ ಮೇಲೆ ಕುಣಿಯಿತು. ಒಗೆಯಲು ಬಂದ ಹೆಂಗಸರೆಲ್ಲ ಸುತ್ತ ನೆರೆದು ನೋಡಿದರು. ಸಾಬಮ್ಮನಿಗೆ ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಆ ಹೊತ್ತು ಅವಳು ನಿಜವಾಗಿಯೂ ಸುಖವಾಗಿದ್ದಳು.

ಸಂಜೆ ಮನೆಗೆ ಬಂದ ಸೂಗಪ್ಪ ಗೂಡಿನಲ್ಲಿ ಥಳಥಳ ಹೊಳೆಯುತ್ತಿದ್ದ ಗಾಜು ನೋಡಿ ಫರ್ಸಿಯ ಮೇಲೆ ಕುಸಿದ. ತಾಯಿಯ ಮೇಲೆ ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಬೂಟನ್ನೂ ಕಳಚದೆ ಗೋಡೆಗೆ ಒರಗಿ, ರೋಗ ಇದ್ದವರು ಯಾರು, ಇಲ್ಲದವರು ಯಾರು ಎಂದು ಗುರುತಿಸಲು ಇದ್ದದ್ದು ಆ ರಕ್ತ ಒಂದೇ ಎಂದು ಮೆಲ್ಲಗೆ ತಿಳಿಸಿ ಹೇಳಿದ. ಸಾಬಮ್ಮ ಕೇಳುತ್ತ ಕೇಳುತ್ತ ತನ್ನ ಎರಡೂ ಹೆಬ್ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮಾರನೆಯ ಮುಂಜಾನೆ ದಸ್ತಗೀರ ಬಂದ. ಮನೆಯವರೆಲ್ಲ ಬೈಗುಳಕ್ಕೆ ಸಿದ್ಧರಾಗಿ ಕೂತಿದ್ದರು. ಅವನು ಗಾಜೊಂದನ್ನು ಬೆಳಕಿಗೆ ಹಿಡಿದು ನೋಡಿ, ಕಚೇರಿಯ ಹೊಸ ಗಾಜು ಕೂಡ ಇಷ್ಟು ಸ್ವಚ್ಛ ಇರುವುದಿಲ್ಲ ಎಂದ. ಆಮೇಲೆ ಗಂಭೀರನಾಗಿ, ಇವು ಸುಮ್ಮನೆ ಬಿಟ್ಟುಬಿಡುವ ಗಾಜಲ್ಲ, ಮತ್ತೆ ಎಲ್ಲರ ಬೆರಳು ಚುಚ್ಚಬೇಕು, ಹೆಸರಿನ ಕಾಗದ ಎಲ್ಲಿ ಎಂದು ಕೇಳಿದ. ಸಾಬಮ್ಮ ನೀರೊಲೆಯ ಬೂದಿಯ ಕಡೆ ಕೈ ತೋರಿಸಿದಳು.

ಆಗ ಅನಸುಬಾಯಿ ಗೋಡೆ ಹಿಡಿದು ಎದ್ದು ಬಂದು ಕೂತಳು. ನೀವು ಬರೆದುಕೊಳ್ಳಿ, ನಾನು ಹೇಳುತ್ತೇನೆ ಎಂದಳು. ಕಣ್ಣು ಮುಚ್ಚಿ ಕುಂಚಾವರಂ ರಸ್ತೆಯ ಮೊದಲ ಹಟ್ಟಿಯಿಂದ ಹೊರಟಳು. ಬೇಲಿಯ ಮನೆ, ಬಾವಿಯ ಮನೆ, ಇಪ್ಪೆಮರದ ಮನೆ. ಒಳಗೆ ಎಷ್ಟು ಜನ, ಯಾರಿಗೆ ಜ್ವರ. ಅವಳು ಕಾಡಿನೊಳಗೆ ನಡೆಯುತ್ತ ಹೋದಳು, ಇಬ್ಬರು ಗಂಡಸರು ಅವಳ ಹಿಂದೆ ಬರೆಯುತ್ತ ಹೋದರು. ಮಧ್ಯಾಹ್ನದ ನುಚ್ಚು ತಣ್ಣಗಾಗುವ ಹೊತ್ತಿಗೆ ಮುನ್ನೂರ ಹನ್ನೊಂದು ಹೆಸರಾದವು. ಕೊನೆಯದು ತನ್ನದೇ ಎಂದು ಬರೆಸಿ ಅವಳು ಮತ್ತೆ ಮಲಗಿಕೊಂಡಳು. ಲಾಲಪ್ಪ ಬೆರಗಾಗಿ ಸೊಸೆಗೆ ತಾನೇ ನೀರು ತಂದುಕೊಟ್ಟ. ಆ ಮನೆಯಲ್ಲಿ ಅದು ಹಿಂದೆಂದೂ ನಡೆದದ್ದಲ್ಲ.

ಹನ್ನೊಂದು ಮಂದಿಯೂ ಹಟ್ಟಿಗಳನ್ನು ಹಂಚಿಕೊಂಡರು. ಸಾಬಮ್ಮ ತಾನೂ ಬರುತ್ತೇನೆಂದು ಹಟ ಮಾಡಿ ಮಗನ ಜೊತೆ ಬಸ್ಸು ಹತ್ತಿದಳು. ಘಟದ ದಿನಗಳು ಅವಳಿಗೆ ಕಾಡಿನಲ್ಲೇ ಕಳೆದವು. ಮುಂಜಾನೆಯ ಮಂಜಿನಲ್ಲಿ ಮರಗಳು ಅರ್ಧಕ್ಕೆ ತೇಲುತ್ತಿದ್ದವು, ಯಾವುದೋ ಗುಡಿಸಲಿನಿಂದ ತೆಲುಗು ಜೋಗುಳ ಕೇಳಿ ಅಲ್ಲೇ ಕರಗುತ್ತಿತ್ತು. ಪ್ರತಿ ಬಾಗಿಲಲ್ಲೂ ಅವಳೇ ಮುಂದೆ ನಿಂತು, ನಿಮ್ಮ ನೆತ್ತರ ನಾನು ತೊಳೆದುಬಿಟ್ಟೆ, ಇನ್ನೊಂದು ಹನಿ ಕೊಡಿರಿ ಎಂದು ಕೇಳಿದಳು. ಕೆಲವರು ನಕ್ಕರು, ಕೆಲವರು ಗೊಣಗಿದರು, ಎಲ್ಲರೂ ಬೆರಳು ಕೊಟ್ಟರು.

ಕೊನೆಯ ಹಟ್ಟಿಯಲ್ಲಿ ಒಂದು ಗುಡಿಸಲಿನ ಅಂಗಳದಲ್ಲಿ ಕಟ್ಟಿಗೆಯ ಹೊರೆ ಹಾಗೇ ಬಿದ್ದಿತ್ತು. ಬಾಗಿಲಲ್ಲಿ ಪೀರಮ್ಮನ ಮಗಳು ಕೂತಿದ್ದಳು. ಗುಳಿಗೆ ತಿಂದು ಅವ್ವ ಎರಡು ದಿನ ಎದ್ದು ಓಡಾಡಿದಳು, ಆಮೇಲೆ ಜ್ವರ ತಿರುಗಿ ಬಂತು, ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಹೋದಳು ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ನೀನು ಅವ್ವನ ರಕ್ತ ತೆಗೆದುಕೊಂಡು ಹೋಗಿದ್ದೆಯಲ್ಲ, ಅದರಲ್ಲಿ ಏನು ಕಂಡಿತು ಎಂದು ಸೂಗಪ್ಪನನ್ನು ಕೇಳಿದಳು. ಗಾಜು ಹೊತ್ತಿಗೆ ಹೋಗಿದ್ದರೆ, ರೋಗ ಕಂಡಿದ್ದರೆ, ಬೇರೆ ಗುಳಿಗೆ ಬರುತ್ತಿತ್ತು. ಬಂದಿದ್ದರೂ ಬದುಕುತ್ತಿದ್ದಳೋ ಇಲ್ಲವೋ. ಸೂಗಪ್ಪ ಇನ್ನೂ ತಿಳಿದಿಲ್ಲ ಎಂದಷ್ಟೇ ಗೊಣಗಿ ತಲೆ ತಗ್ಗಿಸಿ ಹೊರಟ.

ಹೊಳೆಯಲ್ಲಿ ಗಾಜು ತೊಳೆದ ಸುದ್ದಿ ಅಷ್ಟರಲ್ಲಿ ಕಚೇರಿಗೂ ಮುಟ್ಟಿತ್ತು. ಅವರು ಊರಿಗೆ ಬಂದ ಮಾರನೆಯ ದಿನ ಕಚೇರಿಯ ಗುಮಾಸ್ತ ಭೀಮಶಾ ನೋಟೀಸು ತಂದ. ಮುನ್ನೂರ ಹನ್ನೆರಡು ರಕ್ತದ ಗಾಜು ನಾಶ ಮಾಡಿದ್ದಕ್ಕೆ ಸೂಗಪ್ಪನನ್ನು ಕೆಲಸದಿಂದ ಏಕೆ ತೆಗೆಯಬಾರದು. ಗುರುವಾರ ಬಂಗಲೆಗೆ ಅವನೂ ಅವನ ತಾಯಿಯೂ ಬೇರೆಬೇರೆಯಾಗಿ ಬಂದು ಹೇಳಿಕೆ ಕೊಡಬೇಕು. ಭೀಮಶಾ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಸಂಘದವರು ಹೇಳಿದ್ದಕ್ಕೇ ತೊಳೆದೆ ಎಂದು ಅಮ್ಮ ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು, ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ. ಸಾಹೇಬರೇ ಹಾಗಂದರೋ, ಗುಮಾಸ್ತನೇ ಊಹಿಸಿದನೋ ಯಾರಿಗೆ ಗೊತ್ತು.

ಅವನು ಹೋದ ಮೇಲೆ ಸಾಬಮ್ಮ ಒಲೆಯ ಮುಂದೆ ಕೂತು, ಒತ್ತುತ್ತೇನೆ ಎಂದಳು. ಸುಳ್ಳು ಹೇಳಿ ಹತ್ತು ಮನೆ ಮುಳುಗಿಸುತ್ತೀಯಾ ಎಂದು ಸೂಗಪ್ಪ ಮೊದಲ ಸಲ ತಾಯಿಯ ಮೇಲೆ ಕೂಗಿದ.

"ನಾ ಮಾಡಿದ ತಪ್ಪಿಗಿ ನಿನ್ನ ನೌಕರಿ ಹೋದ್ರ ನನ್ನ ಗಂಟಲದಾಗ ತುತ್ತು ಹ್ಯಾಂಗ ಇಳೀಬೇಕೋ. ಮಂದಿದು ಮಂದಿ ನೋಡ್ಕೋತಾರ" ಎಂದಳು ಸಾಬಮ್ಮ.

ತನ್ನ ಮಾತಿಗೆ ಗಂಡ ಹೌದೆನ್ನುತ್ತಾನೆಂದು ಅವಳು ಲಾಲಪ್ಪನ ಕಡೆ ನೋಡಿದಳು. ಅವನು ಗಂಗಾಳದಲ್ಲಿ ಬೆರಳಾಡಿಸುತ್ತ ಕೂತಿದ್ದ.

"ಸಾಬೂ, ಒಂದು ಮಾತು ನಿಂಗೂ ಹೇಳಿಲ್ಲ ನಾ" ಎಂದ. "ದಂಡೋತಿಯಿಂದ ಅಣ್ಣತಮ್ಮರು ಇಬ್ರು ಬಂದಿದ್ರು ನಾ ಇದ್ದ ಕಚೇರಿಗಿ. ಹೊಳಿದಂಡಿ ಹೊಲದ ತಕರಾರು. ಒಬ್ಬೊಬ್ಬನ್ನೇ ಕಳಸು ಅಂದ್ರು ಒಳಗಿದ್ದ ಸಾಹೇಬ್ರು. ಅಣ್ಣ ಒಳಗ ಹೋದಾಗ ನಿನ್ನ ತಮ್ಮ ಒಪ್ಯಾನ ಅಂದ್ರು. ತಮ್ಮ ಹೋದಾಗ ನಿಮ್ಮಣ್ಣ ಒಪ್ಯಾನ ಅಂದ್ರು. ಇಬ್ರೂ ಹೆಬ್ಬಟ್ಟು ಒತ್ತಿದ್ರು. ಹೊರಗ ಬಂದು ಒಬ್ಬರ ಮಾರಿ ಒಬ್ರು ನೋಡ್ಲಿಲ್ಲ, ಬ್ಯಾರೆ ಬ್ಯಾರೆ ಹಾದಿ ಹಿಡದು ಹೋದ್ರು. ಪರದೆ ಹಿಡಿದಾಂವ ನಾನು. ಎರಡೂ ಮಾತು ನನ್ನ ಕಿವಿಗಿ ಬಿದ್ದಿದ್ವು."

"ಯಾಕ ಹೇಳ್ಲಿಲ್ಲ ಅವರಿಗಿ?" ಎಂದಳು ಸಾಬಮ್ಮ.

"ನೌಕರಿ ಇತ್ತಲ್ಲ" ಎಂದ ಲಾಲಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು. ಮೂವತ್ತು ವರ್ಷದ ಅಭಿಮಾನದ ಕೆಳಗೆ ಅವನು ಇದೊಂದನ್ನು ಮುಚ್ಚಿಟ್ಟುಕೊಂಡು ಬದುಕಿದ್ದ, ಪಾಪ.

ಗುರುವಾರ ಬಂಗಲೆಯ ಮುಂದಿನ ಬೇವಿನ ಗಿಡದ ಕೆಳಗೆ ಹನ್ನೊಂದು ಮಂದಿ ನಿಂತಿದ್ದರು. ಅವರ ಕಾಲ ಬಳಿ ಮತ್ತೆ ತುಂಬಿಸಿದ ಗಾಜಿನ ಪೆಟ್ಟಿಗೆ ಇತ್ತು. ಭೀಮಶಾ ಬಾಗಿಲಿಗೆ ಬಂದು ಸಾಬಮ್ಮ ಒಬ್ಬಳೇ ಒಳಗೆ ಬರಬೇಕೆಂದು ಕೂಗಿದ. ಅವಳು ಹೊಸ್ತಿಲವರೆಗೆ ಹೋಗಿ ನಿಂತಳು.

"ಒಬ್ಬಾಕಿ ಬರಂಗಿಲ್ಲ" ಎಂದಳು.

ಒಳಗಿನಿಂದ ಸಾಹೇಬರ ದನಿ ಬಂತು. "ಅಮ್ಮಾ, ಇದು ನಿಮ್ಮೊಬ್ಬರ ಹೇಳಿಕೆ. ಇಷ್ಟು ಜನ ಯಾಕೆ?"

"ನಂಗ ಓದಾಕ ಬರಂಗಿಲ್ಲ ಸಾಹೇಬ್ರ. ಓದಾಕ ಬರೋರು ಸಂಗಟ ಇರ್ಲಿ."

ಗುಮಾಸ್ತ ಓದಿ ಹೇಳುತ್ತಾನೆ ಎಂದರು ಸಾಹೇಬರು. ಅವನು ನಿಮ್ಮವನು ಎಂದು ಹೇಳಿ ಸಾಬಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳನ್ನು ದಾಟಿ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಯಾರಿಗೂ ಧೈರ್ಯವಾಗಲಿಲ್ಲ. ಲಾಲಪ್ಪ ಮೆಲ್ಲಗೆ ಹೋಗಿ ಬಾಗಿಲ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ ಹಿಡಿದು ನಿಂತ. ಕಾಯಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಡಿಯಾರದ ಮುಳ್ಳು ಬಹಳ ದೂರ ಹೋದ ಮೇಲೆ ಸಾಹೇಬರು ಎಲ್ಲರೂ ಬನ್ನಿ ಎಂದರು.

ಮೇಜಿನ ಮೇಲೆ ಹೇಳಿಕೆ ಆಗಲೇ ಬರೆದು ಸಿದ್ಧವಾಗಿತ್ತು, ಶಾಯಿಯ ಡಬ್ಬಿಯೂ ತೆರೆದಿತ್ತು. ಸಾಬಮ್ಮ ಕಾಗದವನ್ನು ಎತ್ತಿ ದಸ್ತಗೀರನ ಕೈಗೆ ಕೊಟ್ಟು ಓದು ಎಂದಳು. ಅವನು ಗಟ್ಟಿಯಾಗಿ ಓದಿದ. "ನನ್ನ ಮಗನೂ ಸಂಘದ ಮುಖಂಡರೂ ಹೇಳಿದ್ದರಿಂದ ನಾನು ಗಾಜುಗಳನ್ನು ತೊಳೆದಿರುತ್ತೇನೆ." ಭೀಮಶಾ ಕಿಟಕಿಯ ಕಡೆ ನೋಡಿದ. ಅದು ಬರೀ ಕರಡು ಎಂದರು ಸಾಹೇಬರು, ಮುಖ ಕೆಂಪಾಗಿತ್ತು.

"ನಾ ಹೇಳ್ತೀನಿ, ಬರೀರಿ" ಎಂದಳು ಸಾಬಮ್ಮ. "ಹಬ್ಬಕ್ಕಂತ ತೊಳದೀನಿ. ಯಾರೂ ಹೇಳಿಲ್ಲ. ಹೊಲಸು ಅದಾವಂತ ನೀವು ಒಯ್ಯವಲ್ರಿ ಅಂತ ತಿಳ್ಕೊಂಡೀನಿ. ಮತ್ತ ಇದೂ ಬರೀರಿ. ಪೀರಮ್ಮ ಅಂತ ಒಬ್ಬಾಕಿ ಕಟ್ಟಿಗಿ ಮಾರಾಕಿ ಇದ್ಲು. ಅಕಿ ನೆತ್ತರ ನಮ್ಮ ಮನ್ಯಾಗ ಇತ್ತು. ಅಕಿ ಸತ್ತಾಳ. ಅದರಾಗ ಏನಿತ್ತೋ ಇನ್ನ ಯಾರಿಗೂ ಗೊತ್ತಾಗಂಗಿಲ್ಲ. ಅದು ನನ್ನ ಮ್ಯಾಲ ಇರ್ಲಿ."

ಹನ್ನೊಂದು ಮಂದಿಯೂ ನೆಲ ನೋಡಿದರು. ಆ ಹೆಸರು ಕಾಗದಕ್ಕೆ ಬಿದ್ದರೆ ಸಂಘಕ್ಕೂ ಪೆಟ್ಟು. ತಿಂಗಳೊಪ್ಪತ್ತು ಗಾಜನ್ನು ಗೂಡಿನಲ್ಲಿ ಕೂಡಿಸಿದವರು ಅವರೇ ತಾನೆ. ಅದು ಅಮ್ಮನ ಮೇಲೆ ಒಂದೇ ಅಲ್ಲ, ತನ್ನ ಮೇಲೂ ಬರೆಯಿರಿ ಎಂದ ಸೂಗಪ್ಪ. ನಮ್ಮೆಲ್ಲರ ಹೆಸರನ್ನೂ ಬರೆದುಕೊಳ್ಳಿ ಎಂದ ದಸ್ತಗೀರ. ಆಮೇಲೆ ಸಾಹೇಬರ ಕಡೆ ತಿರುಗಿ, ನೀವು ಮೂರು ಕುರ್ಚಿ ತೆಗೆಸಿದಿರಿ, ನಾವು ಗಾಜು ತೆಗೆದಿಟ್ಟೆವು, ನಡುವೆ ಆ ಮುದುಕಿ ಇದ್ದಳು ಎಂದು ಸಿಟ್ಟಿಲ್ಲದೆ ಹೇಳಿದ.

ಹೊಸ ಹೇಳಿಕೆಯನ್ನು ಸಾಹೇಬರು ತಾವೇ ಕೈಯಾರೆ ಬರೆದರು. ಅದನ್ನು ಸಾಬಮ್ಮ ದಸ್ತಗೀರನಿಂದ ಒಮ್ಮೆ, ಮಗನಿಂದ ಒಮ್ಮೆ ಓದಿಸಿ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಹನ್ನೊಂದು ಸಹಿ ಬಿದ್ದವು. ತಮ್ಮ ಸಹಿಯ ಜಾಗಕ್ಕೆ ಬಂದಾಗ ಸಾಹೇಬರು ಪೆನ್ನು ಹಿಡಿದು ಒಂದು ಕ್ಷಣ ತಡೆದರು, ಆಮೇಲೆ ಹಾಕಿದರು.

"ಇನ್ನ ಇವರಿಗಿ ಕುಂದ್ರಾಕ ಹೇಳ್ರಿ ಸಾಹೇಬ್ರ" ಎಂದು ಹೇಳಿ ಅವಳು ಹೊರಗೆ ಹೋದಳು.

ಮಾತು ಸಂಜೆಯವರೆಗೆ ನಡೆಯಿತು. ದಸ್ತಗೀರ ಮೊದಲು ಎತ್ತಿದ್ದು ಕುರ್ಚಿಯ ವಿಷಯವಲ್ಲ, ಸೂಗಪ್ಪನ ವಿಷಯವೂ ಅಲ್ಲ. ಇನ್ನು ಮುಂದೆ ಏನೇ ಜಗಳವಿರಲಿ ರಕ್ತದ ಗಾಜು ಶನಿವಾರಕ್ಕೆ ಶನಿವಾರ ಹೋಗಲೇಬೇಕು, ವರದಿ ಬೇಕಾದರೆ ನಿಲ್ಲಲಿ ಎಂದು ಸಂಘವೇ ಬರೆದುಕೊಟ್ಟಿತು. ಮುಂದಿನ ಸೋಮವಾರದಿಂದ ಮೂವರು ಬನ್ನಿ, ಮೇಲಿನವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ ಎಂದರು ಸಾಹೇಬರು. ಸೂಗಪ್ಪನ ಹದಿನೈದು ದಿನದ ಪಗಾರ ಹಿಡಿಯುವುದಕ್ಕೆ ಒಪ್ಪಿಗೆಯಾಯಿತು.

ಸೂಗಪ್ಪ ಹೊರಗೆ ಬಂದಾಗ ತಾಯಿ ಬೇವಿನ ಬೊಡ್ಡೆಗೆ ಒರಗಿ ಕೂತಿದ್ದಳು. ನೌಕರಿ ಉಳಿಯಿತು ಎಂದು ಹೇಳಿದ. ಅವಳಿಗೆ ಸಂತೋಷವಾಯಿತು, ಮಗನ ತೋಳು ಮುಟ್ಟಿ ನೋಡಿದಳು. ಆದರೆ ಅವಳು ಕಾಯುತ್ತಿದ್ದುದು ಅದೊಂದಕ್ಕೇ ಅಲ್ಲ.

"ಪೀರಮ್ಮನ ಮಗಳಿಗಿ ಏನ್ ಹೇಳ್ತಿ ತಮ್ಮಾ?"

"ಗೊತ್ತಾಗಬಹುದಿತ್ತು, ನಾವು ಇಟ್ಟುಕೊಂಡ್ವಿ, ಅದಕ್ಕ ಗೊತ್ತಾಗಲಿಲ್ಲ ಅಂತ ಹೇಳ್ತೀನಿ."

"ತೊಳದಾಕಿ ನಾನು."

"ಇಟ್ಟುಕೊಂಡಾಂವ ನಾನವ್ವ."

ಸಾಬಮ್ಮ ಆಗ ಅತ್ತಳು. ಗಾಜು ತೊಳೆದ ದಿನದಿಂದ ತಡೆದಿಟ್ಟುಕೊಂಡದ್ದೆಲ್ಲ ಹರಿದುಹೋಗುವವರೆಗೆ ಅತ್ತಳು. ಹನ್ನೊಂದು ಮಂದಿ ಗಂಡಸರು ಸುತ್ತ ನಿಂತು, ಏನು ಮಾಡಬೇಕೆಂದು ತಿಳಿಯದೆ ಸೈಕಲ್ಲುಗಳನ್ನು ಹಿಡಿದುಕೊಂಡಿದ್ದರು.

ಮಾರನೆಯ ಮುಂಜಾನೆಯ ಕುಂಚಾವರಂ ಬಸ್ಸಿಗೆ ಒಂದೇ ಸಲ ಹನ್ನೆರಡು ಮಂದಿ ಹತ್ತಿದ್ದು ನೋಡಿ ಕಂಡಕ್ಟರ್ ಯಾರ ಮನೆಯ ಮದುವೆ ಎಂದು ಕೇಳಿದ. ಮದುವೆಯಲ್ಲ, ಒಬ್ಬಳಿಗೆ ಅವಳ ತಾಯಿಯ ವಿಷಯ ಹೇಳುವುದಿದೆ ಎಂದಳು ಸಾಬಮ್ಮ. ಹನ್ನೆರಡು ಜನ ಬೇಕೇ ಅದಕ್ಕೆ ಎಂದು ಅವನು ನಕ್ಕ. ಬೇಕು ಎಂದು ಹೇಳಿ ಅವಳು ಕಿಟಕಿಯ ಪಕ್ಕಕ್ಕೆ ಸರಿದು ಮಗನಿಗೆ ಜಾಗ ಮಾಡಿಕೊಟ್ಟಳು.